ನಕ್ಷೆಯಲ್ಲಿ ಬೆಳೆದ ಕಾಡು

"ವೀರಯ್ಯ, ನಾಳೆ ಗ್ರಾಮ ಅರಣ್ಯ ಯೋಜನೆಯ ಮೌಲ್ಯಮಾಪನದವರು ಬರ್ತಾರೆ. ನರ್ಸರಿ ತೋರಿಸು, ಬೋರ್ಡ್ ತೋರಿಸು, ಸಮಿತಿ ಅಧ್ಯಕ್ಷರ ಮನೇಲಿ ಕಾಫಿ ಕುಡಿಸಿ ಕಳಿಸು. ದೋಣಿಗುಡ್ಡದ ಕಡೆ ಮಾತ್ರ ಬೇಡ. ಅಲ್ಲಿ ಆನೆ ಇದೆ ಅನ್ನು" ಎಂದರು ರೇಂಜರ್ ಸಾಹೇಬರು.

"ಅಲ್ಲಿ ಆನೆ ಇಲ್ಲ ಸಾರ್."

"ಇದೆ ಅನ್ನು."

ವೀರಯ್ಯ ತಲೆಯಾಡಿಸಿ ಹೊರಗೆ ಬಂದ. ಇಪ್ಪತ್ತೊಂದು ವರ್ಷದಿಂದ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಹೊಂಗಡಹಳ್ಳದಿಂದ ಬಿಸಿಲೆವರೆಗಿನ ಬೆಟ್ಟಗಳಲ್ಲಿ ಅವನು ತುಳಿಯದ ಜಾಗವಿರಲಿಲ್ಲ. ಯಾವತ್ತು ಬೇಕಾದರೂ ಬರಬೇಡ ಅನ್ನಿಸಿಕೊಳ್ಳಬಹುದಾದ ಕೆಲಸ ಅದು. ಹಾಗಾಗಿ ಹಲ್ಲು ಕಚ್ಚಿಕೊಂಡು ಬದುಕುವುದು ಅಭ್ಯಾಸವಾಗಿತ್ತು.

ಐದು ವರ್ಷದ ಹಿಂದೆ ಅವನ ಊರು ಹೆಬ್ಬೈಲಿನಲ್ಲಿ ಗ್ರಾಮ ಅರಣ್ಯ ಸಮಿತಿ ಆದಾಗ ಊರವರು ನಿಜಕ್ಕೂ ಖುಷಿಪಟ್ಟಿದ್ದರು. ಇನ್ನು ಮೇಲೆ ಕಾಡು ಇಲಾಖೆಯದಷ್ಟೇ ಅಲ್ಲ, ಊರಿನದೂ ಹೌದು. ಏನು ಕಡಿಯಬೇಕು, ಏನು ಬಿಡಬೇಕು ಅನ್ನುವುದನ್ನು ಎಲ್ಲರೂ ಕೂತು ತೀರ್ಮಾನ ಮಾಡುವುದು ಅಂತ ಅಧಿಕಾರಿಗಳು ಹೇಳಿದ್ದರು. ಕಾಡಿನಂಚಿಗೇ ತೋಟವಿದ್ದ ಮೃತ್ಯುಂಜಯ ಅಧ್ಯಕ್ಷನಾದ. ದೋಣಿಗುಡ್ಡಕ್ಕೆ ದನ ಬಿಡಬಾರದು, ಬುಟ್ಟಿಗೆ ಬೇಕಾದ ವಾಟೆ ಬಿದಿರು ಕಡಿಯಬಾರದು, ಸೀಗೆಕಾಯಿ ಕುಯ್ಯಬಾರದು ಅನ್ನುವುದೇ ಮೊದಲ ಠರಾವು. ಅದಕ್ಕೆ ಎಲ್ಲರಿಗಿಂತ ಮುಂಚೆ ಕೈಯೆತ್ತಿದವಳು ಬುಟ್ಟಿ ಹೆಣೆಯುವ ಗಂಗಾಮಣಿ. "ನಾಕು ವರ್ಷ ಬುಟ್ರೆ ವಾಟೆ ಚೆಂದಾಗಿ ಬೆಳೀತದೆ, ಬುಡಿ" ಅಂದಿದ್ದಳು.

ಮರುವರ್ಷ ಗುಡ್ಡದ ಸುತ್ತ ತಂತಿ ಬೇಲಿ ಬಂತು. ಬೇಲಿಯೊಳಗೆ ಸಿಲ್ವರ್ ಓಕ್ ಮರ ಬಂತು, ಅದರ ನೆರಳಿಗೆ ಮೃತ್ಯುಂಜಯನ ಕಾಫಿ ಬಂತು. ಇದು ಒತ್ತುವರಿ ಅಂತ ವೀರಯ್ಯ ಮೂರು ಸಲ ಅರ್ಜಿ ಬರೆಸಿಕೊಟ್ಟ. ಮೂರೂ ಅರ್ಜಿ ರೇಂಜ್ ಆಫೀಸಿನ ಕಪಾಟು ಸೇರಿದವು. ಆ ಬೇಸಿಗೆಯಲ್ಲಿ ಬೇಲಿಯ ಹೊರಗಿನ ಹಳ್ಳದಲ್ಲಿ ಒಂದು ಹೊರೆ ವಾಟೆ ಕಡಿದಿದ್ದಕ್ಕೆ ಗಂಗಾಮಣಿಯ ಮೇಲೆ ಕೇಸಾಯಿತು. ಹಿಡಿಸಿದವನು ಮೃತ್ಯುಂಜಯ. ಸಾಕ್ಷಿಯ ಹೊರೆಯನ್ನು ಎತ್ತಿ ಜೀಪಿಗೆ ಹಾಕು ಅಂತ ಗಾರ್ಡ್ ಹೇಳಿದ್ದು ವೀರಯ್ಯನಿಗೆ. ಅವನು ಎತ್ತಿ ಹಾಕಿದ. ಅಂದಿನಿಂದ ಗಂಗಾಮಣಿ ಅವನ ಜೊತೆ ಮಾತಾಡಿರಲಿಲ್ಲ.

ಮೌಲ್ಯಮಾಪನಕ್ಕೆ ಬಂದವಳು ಟೀನಾ ಅನ್ನುವ ಹುಡುಗಿ, ಮೂವತ್ತರ ಆಸುಪಾಸು. ಡ್ರೈವರ್ ಧರ್ಮನ ಜೀಪಿನಲ್ಲಿ ಒಬ್ಬಳೇ ಬಂದಿಳಿದಳು. ಕೈಯಲ್ಲಿ ಸ್ಲೇಟಿನಂಥ ಒಂದು ಟ್ಯಾಬ್. ರೇಂಜರ್ ಹೇಳಿಕೊಟ್ಟ ಹಾಗೇ ವೀರಯ್ಯ ನರ್ಸರಿ ತೋರಿಸಿದ, ಯೋಜನೆಯ ಬೋರ್ಡ್ ತೋರಿಸಿದ. ಆಮೇಲೆ ಮೃತ್ಯುಂಜಯನ ಜಗಲಿಯಲ್ಲಿ ಕೂರಿಸಿದ.

"ನಮ್ ಜನಕ್ಕೆ ಕಾಡಿನ ಮೇಲೆ ಈಗ ಪ್ರೀತಿ ಬಂದೈತೆ ಮೇಡಂ. ಮುಂಚೆ ಬರೀ ಕದಿಯೋರೇ ಇದ್ರು" ಅಂದ ಮೃತ್ಯುಂಜಯ, ಕಡುಬಿನ ತಟ್ಟೆ ಮುಂದೆ ಸರಿಸುತ್ತ.

"ಸಮಿತೀಲಿ ಹೆಂಗಸರು ಇದ್ದಾರಾ?"

"ಆರು ಜನ ಅವ್ರೆ."

"ಮೀಟಿಂಗಲ್ಲಿ ಮಾತಾಡ್ತಾರಾ?"

"ಬಂದು ಸೈನ್ ಹಾಕ್ತಾರೆ. ಇನ್ನೇನು ಬೇಕು?"

ಟೀನಾ ಅದನ್ನೂ ಬರೆದುಕೊಂಡಳು. ಕಂಬಕ್ಕೆ ಒರಗಿ ನಿಂತಿದ್ದ ವೀರಯ್ಯ ನೋಡುತ್ತಿದ್ದ. ಈ ಹುಡುಗಿ ಕಡುಬು ತಿಂದು, ಎಲ್ಲ ಚೆನ್ನಾಗಿದೆ ಅಂತ ಗೀಚಿಕೊಂಡು ಹೋಗುತ್ತಾಳೆ. ಕಳ್ಳರು ಯಾರು ಅಂದರೆ ಗಂಗಾಮಣಿ ಅಂತ ಆಗುತ್ತದೆ. ಸಿಟ್ಟು ನುಂಗಿಕೊಂಡು ಜೀಪ್ ಹತ್ತಿದ.

ಹೊರಡುವ ಮುಂಚೆ ಟೀನಾ ಟ್ಯಾಬನ್ನು ಅವನ ಕಡೆ ತಿರುಗಿಸಿದಳು. ಉಪಗ್ರಹದಿಂದ ತೆಗೆದ ನಕ್ಷೆ. "ಇದು ಮೂವತ್ತೊಂದನೇ ಗುರುತು. ಐದು ವರ್ಷದಲ್ಲಿ ಈ ವಲಯದಲ್ಲಿ ಕಾಡು ಎಲ್ಲಕ್ಕಿಂತ ಜಾಸ್ತಿ ಬೆಳೆದಿರೋದು ಇಲ್ಲೇ ಅಂತೆ. ಮುಂಚೆ ಮರ ಕಡಿಮೆ ಇತ್ತು, ಈಗ ನೋಡಿ ಎಷ್ಟು ಹಸಿರು! ಇದೊಂದನ್ನ ಕಣ್ಣಾರೆ ನೋಡಬೇಕು. ಎಲ್ಲಿ ಬರುತ್ತೆ?"

ವೀರಯ್ಯ ಬಗ್ಗಿ ನೋಡಿದ. ಹಳ್ಳದ ತಿರುವು, ಬಂಡೆಯ ಸಾಲು, ನಡುವೆ ದೋಣಿಯ ಆಕಾರದ ಗುಡ್ಡ. ದೋಣಿಗುಡ್ಡವೇ. ಅಲ್ಲಿ ಆನೆ ಇದೆ ಅನ್ನಬೇಕಿತ್ತು.

"ಜೀಪ್ ತಿರುಗ್ಸು ಮಾರಾಯ" ಅಂದ ಧರ್ಮನಿಗೆ.

ಬೇಲಿಯ ಗೇಟಿಗೆ ಬೀಗವಿತ್ತು. ವೀರಯ್ಯ ಒಂದು ಗೂಟವನ್ನು ಒದ್ದು ಬೀಳಿಸಿ ತಂತಿ ತುಳಿದು ಹಿಡಿದ. ಟೀನಾ ಒಳಗೆ ನುಸುಳಿ ನಾಲ್ಕು ಹೆಜ್ಜೆ ಹಾಕಿದವಳು ನಿಂತುಬಿಟ್ಟಳು. ಕಣ್ಣು ಹಾಯುವಷ್ಟು ದೂರ ಸಾಲು ಸಾಲು ಕಾಫಿ. ಅವಳು ಒಂದು ಗಿಡದ ಬುಡಕ್ಕೆ ಕೂತು ಕಾಂಡ ಸವರಿ ನೋಡಿದಳು.

"ನಾನು ವನಗೂರಿನ ಕಡೆಯವಳೇ. ನಮ್ಮಪ್ಪ ನಿಕೋಲಸ್ ಅಂತ, ತೋಟ ಮಾಡ್ತಾರೆ. ಇದು ನಾಲ್ಕು ವರ್ಷದ ಗಿಡ" ಅಂದಳು. ಎದ್ದು ಟ್ಯಾಬಿನ ನಕ್ಷೆ ನೋಡುತ್ತ, "ಮೇಲಿಂದ ನೋಡಿದರೆ ಮರದ ತಲೆ ಮಾತ್ರ ಕಾಣುತ್ತೆ, ಕೆಳಗಿನ ಕಾಫಿ ಕಾಣಲ್ಲ. ನಮ್ಮ ತೋಟಾನೂ ಈ ನಕ್ಷೇಲಿ ಕಾಡು ಅಂತಲೇ ಬಂದಿದೆ" ಅಂದಳು. ಅವಳ ಮುಖ ಕೆಂಪಾಗಿತ್ತು.

ಅಷ್ಟರಲ್ಲಿ ಮೃತ್ಯುಂಜಯನ ಬೈಕ್ ಬಂತು. ಅವನು ಇಳಿಯಲಿಲ್ಲ. "ಏನಯ್ಯ ವೀರಯ್ಯ, ಆನೆ ಸಿಕ್ತಾ?"

ವೀರಯ್ಯನಿಗೆ ಇಷ್ಟು ವರ್ಷ ಕಚ್ಚಿ ಹಿಡಿದದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. "ಸಿಕ್ತು ಕಣ್ರೀ! ಊರಿನ ಗುಡ್ಡಾನೇ ನುಂಗಿದ ಆನೆ ಬೈಕ್ ಮೇಲೆ ಕೂತೈತೆ. ದನಾನ ಹೊರಗೆ ಹಾಕ್ಸುದ್ರಿ, ಹೆಂಗಸ್ರನ್ನ ಹೊರಗೆ ಹಾಕ್ಸುದ್ರಿ, ಎಲ್ಲಾನೂ ಕಾಡು ಉಳ್ಸೋಕೆ ಅಂದ್ರಿ. ಗಂಗಾಮಣಿ ಒಂದು ಹೊರೆ ಕಡುದ್ರೆ ಕಳ್ಳಿ. ನೀವು ಗುಡ್ಡಾನೇ ಹೊತ್ಕೊಂಡು ಹೋದ್ರೆ ಅಧ್ಯಕ್ಷರು!"

"ನಾಳೆಯಿಂದ ನಿನಗೆ ಕೆಲಸ ಇದ್ರೆ ನೋಡು" ಅಂದು ಮೃತ್ಯುಂಜಯ ಬೈಕ್ ತಿರುಗಿಸಿದ.

ಟೀನಾ ಫೋಟೊ ತೆಗೆದಳು. "ಆ ಗಂಗಾಮಣಿಯವರ ಮನೆ ತೋರಿಸಿ" ಅಂದಳು.

ಗಂಗಾಮಣಿ ಅಂಗಳದಲ್ಲಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ವೀರಯ್ಯನನ್ನು ನೋಡಿದವಳೇ, "ಈವತ್ತು ಏನು ಹೊತ್ಕೊಂಡು ಹೋಗೋಕೆ ಬಂದೆ?" ಅಂದಳು. ಅವನು ತಲೆ ತಗ್ಗಿಸಿ ಬೇಲಿಯಾಚೆಗೇ ನಿಂತ.

ಟೀನಾ ಪ್ರಶ್ನೆ ಓದಿದಳು. ಕಾಡಿನ ಆಡಳಿತ ಮುಂಚಿಗಿಂತ ಸುಧಾರಿಸಿದೆಯೇ, ಒಂದರಿಂದ ಐದರವರೆಗೆ ಅಂಕ ಕೊಡಿ.

"ನಾನು ಸಕಲೇಶಪುರದ ಕೋರ್ಟ್ ನೋಡೇ ಇರ್ಲಿಲ್ಲ ಕಣವ್ವ. ಈಗ ಕಣ್ಣು ಮುಚ್ಕೊಂಡು ಹೋಗಿ ಬರ್ತೀನಿ. ಒಂಬತ್ತು ಸಲ ಹೋಗಿದೀನಿ. ಅದಕ್ಕೆ ಎಷ್ಟು ಕೊಡ್ತೀಯೋ ನೀನೇ ಕೊಟ್ಕೊ."

"ಇದರಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲಮ್ಮ."

"ಜಾಗ ಇಲ್ದಿದ್ರೆ ಹಾಳೆ ಹಿಂದೆ ಬರಿ!"

ಟೀನಾ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅಲ್ಲೇ ಜಗಲಿಯಲ್ಲಿ ಕೂತು ಬರೆದಳು. ಬಿಸಿಲು ಇಳಿಯುವವರೆಗೂ ಗಂಗಾಮಣಿ ಹೇಳಿದಳು.

ವಾರ ಕಳೆಯುವುದರೊಳಗೆ ವೀರಯ್ಯನಿಗೆ ಬರಬೇಡ ಅಂದರು. ಕಾರಣ ಕೇಳಿದರೆ, ದಿನಗೂಲಿಯವರಿಗೆ ಕಾರಣ ಏತಕ್ಕೆ ಅಂದರು. ಅವನು ಸಮವಸ್ತ್ರದ ಅಂಗಿಯನ್ನು ರೇಂಜ್ ಆಫೀಸಿನ ಮೇಜಿನ ಮೇಲೆ ಬಿಸಾಕಿ ಬಂದ.

ಮೂರು ತಿಂಗಳ ಮೇಲೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಸಕಲೇಶಪುರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮೇಘಾ ಭಾನುವಾರ ಬಂದಾಗ ಓದಿ ಹೇಳಿದಳು. ವರದಿಯ ಮೊದಲ ಪುಟದಲ್ಲೇ ಹೆಬ್ಬೈಲು ಸಮಿತಿಗೆ ದರ್ಜೆ ಕೊಟ್ಟಿತ್ತು. 'ಉತ್ತಮ.'

ವೀರಯ್ಯ ಕೂತಿದ್ದ ಮಣೆಯನ್ನು ಒದ್ದ. ಅದು ಗೋಡೆಗೆ ಬಡಿದು ಮಗುಚಿಬಿತ್ತು.

"ತಡಿ ಅಪ್ಪ, ಕೊನೇಲಿ ಇನ್ನೊಂದೈತೆ" ಅಂದಳು ಮೇಘಾ. ನೂರಾ ಹನ್ನೆರಡನೇ ಪುಟ. ಮೂವತ್ತೊಂದನೇ ಗುರುತು. ಸ್ಥಳದಲ್ಲಿ ಕಂಡದ್ದು ಕಾಫಿ ತೋಟ, ಕಾಡಲ್ಲ. ಗಿಡಗಳ ವಯಸ್ಸು ನಾಲ್ಕು ವರ್ಷ. ಸಮಿತಿಯ ರಕ್ಷಣೆಯಲ್ಲಿರುವ ಜಾಗ. ಕೆಳಗೆ ಫೋಟೊ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಟೀನಾ ಬರೆದಿದ್ದಳು: 'ಮೊದಲ ಪುಟಕ್ಕೆ ತರಲು ಮೇಲಿನವರು ಬಿಡಲಿಲ್ಲ. ಈ ಒಂದು ಪುಟವನ್ನು ಜಗಳ ಮಾಡಿ ಉಳಿಸಿದೆ. ಇದು ಸರ್ಕಾರಿ ದಾಖಲೆ. ಉಪಯೋಗಿಸಿಕೊಳ್ಳಿ.'

ಮಾರನೇ ದಿನ ವೀರಯ್ಯ ಆ ಪುಟವನ್ನು ಐವತ್ತು ಜೆರಾಕ್ಸ್ ಮಾಡಿಸಿದ. ಹಾಲಿನ ಡೈರಿ, ಬಸ್ ಸ್ಟ್ಯಾಂಡ್, ಸಮಿತಿಯ ಬೋರ್ಡು, ಎಲ್ಲೆಡೆ ಅಂಟಿಸಿದ. ಕೊನೆಗೆ ಒಂದನ್ನು ಗಂಗಾಮಣಿಗೆ ಕೊಡಲು ಹೋದ. "ಆವತ್ತು ಹೊರೆ ಎತ್ತಿ ಹಾಕಿದ್ದು ನಾನೇ. ಆಗಲ್ಲ ಅನ್ಬೇಕಿತ್ತು. ಅನ್ನಲಿಲ್ಲ" ಅಂದ. ಅವಳು ಹಾಳೆ ಇಸಿದುಕೊಂಡು ಬಹಳ ಹೊತ್ತು ಫೋಟೊ ನೋಡಿದಳು. "ಬುಧವಾರ ಸಮಿತಿ ಮೀಟಿಂಗ್ ಐತೆ. ನೀನೂ ಬಾ" ಅಂದಳು.

ಬುಧವಾರ ಶಾಲೆಯ ಜಗಲಿ ತುಂಬ ಹೆಂಗಸರು. ಮೃತ್ಯುಂಜಯ ಎಂದಿನಂತೆ ಸಹಿ ಪುಸ್ತಕ ಮುಂದಿಟ್ಟ. ಗಂಗಾಮಣಿ ಪುಸ್ತಕವನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಮೊದ್ಲು ಈ ಪುಟ ಓದಿ. ಆಮೇಲೆ ಸೈನು."

"ಅದೆಲ್ಲ ಸುಳ್ಳು ರಿಪೋರ್ಟು."

"ನಿಮಗೆ ಉತ್ತಮ ಅಂದಾಗ ನಿಜ, ತೋಟ ಅಂದಾಗ ಸುಳ್ಳಾ?" ಅಂದ ವೀರಯ್ಯ, ಹಿಂದಿನಿಂದ.

ರಜೆ ಹಾಕಿ ಬಂದಿದ್ದ ಮೇಘಾ ಎದ್ದು ನಿಂತು ಗಟ್ಟಿಯಾಗಿ ಓದಿದಳು. ಅವಳು ಮುಗಿಸುವಷ್ಟರಲ್ಲಿ ಮೃತ್ಯುಂಜಯ ಕುರ್ಚಿ ಬಿಟ್ಟು ಎದ್ದಿದ್ದ. ಅವನು ಗೇಟು ದಾಟುವ ಮುಂಚೆಯೇ ಹೆಂಗಸರು ಗಂಗಾಮಣಿಯನ್ನು ಅಧ್ಯಕ್ಷೆ ಅಂತ ಆರಿಸಿದರು, ಗುಡ್ಡದ ಸರ್ವೆ ಆಗಬೇಕೆಂದು ಠರಾವು ಬರೆಸಿದರು. ಈ ಸಲ ಎಲ್ಲರೂ ಓದಿಸಿ ಕೇಳಿಯೇ ಸಹಿ ಹಾಕಿದರು.

ದಾಖಲೆಯ ಪುಟ ಎದುರಿಗಿದ್ದುದರಿಂದ ರೇಂಜರ್ ಸಾಹೇಬರಿಗೆ ತಪ್ಪಿಸಿಕೊಳ್ಳಲಾಗಲಿಲ್ಲ, ಸರ್ವೆ ನಡೆಯಿತು. ಹನ್ನೊಂದು ಎಕರೆ ಒತ್ತುವರಿ ಅಂತ ಬಂತು. ಮೃತ್ಯುಂಜಯ ತೆರವು ಮಾಡದಂತೆ ಕೋರ್ಟಿನಿಂದ ತಡೆ ತಂದ. ಗಂಗಾಮಣಿಯ ಹಳೇ ಕೇಸೂ ಮುಗಿಯಲಿಲ್ಲ, ವೀರಯ್ಯನ ಕೆಲಸವೂ ವಾಪಸ್ ಬರಲಿಲ್ಲ.

ಡಿಸೆಂಬರಿನಲ್ಲಿ ದೋಣಿಗುಡ್ಡದ ಕಾಫಿ ಹಣ್ಣಾಯಿತು. ತಡೆಯಾಜ್ಞೆಯ ನೆರಳಿನಲ್ಲೇ ಹೊರಗಿನ ಆಳುಗಳು ಬಂದು ಕುಯ್ಯತೊಡಗಿದರು. ಚೀಲ ತುಂಬಿದ ಪಿಕಪ್ ಗೇಟಿನಿಂದ ಹೊರಬಿದ್ದಾಗ ವೀರಯ್ಯ ರಸ್ತೆಗೆ ಅಡ್ಡ ನಿಂತ. ಅವನ ಪಕ್ಕಕ್ಕೆ ಗಂಗಾಮಣಿ ಬಂದಳು, ಅವಳ ಹಿಂದೆ ಹೆಬ್ಬೈಲಿನ ಹೆಂಗಸರು. ಡ್ರೈವರ್ ಹಾರನ್ ಬಾರಿಸಿದ. ಯಾರೂ ಸರಿಯಲಿಲ್ಲ.

"ದಾರಿ ಬಿಡ್ರೀ, ಕೋರ್ಟ್ ಆರ್ಡರ್ ಐತೆ" ಅಂದ ಅವನು.

"ಇರ್ಲಿ. ಇಳಿದು ಬಂದು ಓದು, ಕೇಳ್ತೀವಿ" ಅಂದಳು ಗಂಗಾಮಣಿ, ಮತ್ತು ರಸ್ತೆಯ ಮೇಲೇ ಕೂತುಬಿಟ್ಟಳು.