ಮೂಗಣ್ಣನ ಮೂಗು ಹೇಳದ ಮಾತು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾಯಿ, ಕತ್ತೆ, ಹೆಗ್ಗಣಗಳಿಗೆ ಅಂಗಿ ತೊಡಿಸಿ, ಕೈಗೊಂದು ಕೆಲಸ ಕೊಟ್ಟು ಕತೆ ಹೇಳುವುದಕ್ಕೆ ಧೈರ್ಯ ಬೇಕು. ನನ್ನಲ್ಲಿ ಅದು ಕಡಿಮೆ. ಅದರ ಮೇಲೆ ಇದು ಒಬ್ಬರ ಮಾನ ಹೋದ ಸಂಗತಿ. ಹೇಳಬಾರದಿತ್ತೇನೋ. ಮನಸ್ಸು ತಡೆಯದೆ ಹೇಳುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಬೀದಿಯಲ್ಲಿ ಪತ್ತೇದಾರರ ಮನೆಯಿತ್ತು. ಅಪ್ಪ, ಅಮ್ಮ, ಮಗಳು, ಮೂವರೂ ನಾಯಿಗಳು. ಬಂದವರನ್ನು ಕೂರಿಸಿ, ಅಳು ನಿಲ್ಲಿಸಿ, ಏನು ಕಳೆಯಿತೆಂದು ಬಿಡಿಸಿ ಕೇಳುವುದು ಅಮ್ಮನ ಕೆಲಸ. ಬರೆದುಕೊಳ್ಳುವುದು ಮಗಳದು, ಅವಳಿನ್ನೂ ಕಲಿಯುತ್ತಿದ್ದಳು. ಮೂಸುವುದು ಮಾತ್ರ ಅಪ್ಪನದು. ಊರೆಲ್ಲ ಅವನನ್ನು ಮೂಗಣ್ಣ ಎನ್ನುತ್ತಿತ್ತು. ಅವನು ಮೂಸಿ ಹೇಳಿದ ಮೇಲೆ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ಕೇಳಿದರೂ ತೋರಿಸುವುದೇನನ್ನು? ವಾಸನೆಯನ್ನು ಎತ್ತಿ ಮೇಜಿನ ಮೇಲಿಡಲು ಬರುತ್ತದೆಯೇ?

ಆ ಮೂಗು ಕೆಲಸ ನಿಲ್ಲಿಸಿ ಮೂರು ವಾರವಾಗಿತ್ತು. ಒಂದು ನೆಗಡಿ ಬಂತು, ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೂಗಣ್ಣ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಮನೆ ನಡೆಯುತ್ತಿದ್ದುದೇ ಆ ಮೂಗಿನಿಂದ. ಇವತ್ತು ಬಂದೀತು, ನಾಳೆ ಬಂದೀತು ಎಂದು ಬೆಳಿಗ್ಗೆ ಎದ್ದೊಡನೆ ಬಚ್ಚಲಿನ ಬಾಗಿಲು ಹಾಕಿಕೊಂಡು ತನ್ನದೇ ಚಪ್ಪಲಿ ಮೂಸಿ ನೋಡುತ್ತಿದ್ದ.

ಮಂಗಳವಾರ ಲಾಂಡ್ರಿಯಿಂದ ಕರೆ ಬಂತು.

ಲಾಂಡ್ರಿ ನಡೆಸುತ್ತಿದ್ದವಳು ಒಬ್ಬ ಕತ್ತೆ. ಅವಳ ಅಜ್ಜಿ, ಮುತ್ತಜ್ಜಿಯರೆಲ್ಲ ಬೇರೆಯವರ ಬಟ್ಟೆ ಹೊತ್ತು ಬೆನ್ನು ಬಾಗಿಸಿಕೊಂಡವರು. ಅವಳ ಅಮ್ಮ ಹೊರುವುದನ್ನು ಬಿಟ್ಟು, ಒಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಕೊಂಡು ಅಂಗಡಿ ಹಾಕಿದವಳು. ಆ ಪೆಟ್ಟಿಗೆಯೇ ಈಗ ಕಪಾಟಿನಿಂದ ಮಾಯವಾಗಿತ್ತು. ಸುದ್ದಿ ಕೇಳಿ ಗಿರಾಕಿಗಳೆಲ್ಲ ಹಬೆ ತುಂಬಿದ ಅಂಗಡಿಯೊಳಗೆ ಕಿಕ್ಕಿರಿದಿದ್ದರು.

"ನಿನ್ನೆ ಸಂಜೆ ಇಲ್ಲೇ ಇತ್ತು ಮೂಗಣ್ಣ," ಲಾಂಡ್ರಿ ಅಕ್ಕನ ಎರಡೂ ಕಿವಿಗಳು ಜೋತುಬಿದ್ದಿದ್ದವು. "ಅಂಗಡಿ ಹೋಗಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ."

ಇಸ್ತ್ರಿಯಾಗದ ಲಂಗವನ್ನು ತೋಳಿಗೆ ಹಾಕಿಕೊಂಡಿದ್ದ ಬಾತು ಟೀಚರು ಕತ್ತು ಉದ್ದ ಮಾಡಿದರು. "ನಿನ್ನೆ ಇಲ್ಲಿ ಮೋರಿ ಬಿಡಿಸೋಕೆ ಯಾರು ಬಂದಿದ್ರು ಅಂತ ಕೇಳಿ. ನಾನೇನೂ ಹೇಳಲ್ಲಪ್ಪ. ಒಬ್ಬರ ಹೆಸರು ಎತ್ತೋ ಬುದ್ಧಿ ನನಗಿಲ್ಲ. ಹೆಗ್ಗಣ!"

ಮೂಗಣ್ಣ ಬಗ್ಗಿದ. ಮೇಜು ಮೂಸಿದ, ಕಪಾಟು ಮೂಸಿದ, ಮೋರಿಯ ಬಾಯಿ ಮೂಸಿದ. ಏನೂ ಇಲ್ಲ. ಮುಚ್ಚಿದ ಬಾಗಿಲಿಗೆ ಮುಖ ಒತ್ತಿ ನಿಂತ ಹಾಗಿತ್ತು. ಹಿಂದೆ ಇಡೀ ಅಂಗಡಿ ಉಸಿರು ಬಿಗಿಹಿಡಿದಿತ್ತು; ಮಗಳ ಪೆನ್ಸಿಲ್ ಕಾಗದದ ಮೇಲೆ ಕಾಯುತ್ತಿತ್ತು. 'ಗೊತ್ತಾಗುತ್ತಿಲ್ಲ' ಎಂಬ ಒಂದೇ ಮಾತು ಸಾಕಿತ್ತು. ಅದು ಬಾಯಿಗೆ ಬರಲಿಲ್ಲ. ಅವನು ತಲೆ ಎತ್ತಿ, ಎಲ್ಲರೂ ನೋಡುತ್ತಿದ್ದ ಕಡೆಗೆ ತಾನೂ ನೋಡಿದ. ಮರೆತುಹೋದ ಸ್ಪಾನರ್ ಕೇಳಲು ಬಂದ ಪೈಪಣ್ಣ, ಅದೇ ನಲ್ಲಿ ಮೋರಿ ರಿಪೇರಿ ಮಾಡುವ ಹೆಗ್ಗಣ, ಹೊಸ್ತಿಲ ಮೇಲೆ ನಿಂತಿದ್ದ.

"ಇವನೇ," ಎಂದ ಮೂಗಣ್ಣ.

ಪೈಪಣ್ಣ ಕೂಗಾಡಿದ್ದರೆ, ಬೈದಿದ್ದರೆ, ಮೂಗಣ್ಣನ ಎದೆ ಅಷ್ಟು ಭಾರವಾಗುತ್ತಿರಲಿಲ್ಲವೇನೋ. ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಹೌದಾ ಸಾರ್? ನಾನಾ?" ಚೀಲ ಬಿಚ್ಚಿ ನೆಲದ ಮೇಲೆ ಸುರಿದ. ರಬ್ಬರ್ ಉಂಗುರಗಳು, ತಂತಿ, ಅರ್ಧ ತಿಂದ ಬನ್ನು. "ಇಲ್ಲಿಲ್ಲ. ಆದ್ರೆ ನಿಮ್ಮ ಮೂಗು ಹೇಳಿದ ಮೇಲೆ ಇರ್ಲೇಬೇಕು. ಸಾಮಾನು ಬಾಚ್ಕೊಳ್ಳೋವಾಗ ಅದೂ ಬಂದ್ಬಿಡ್ತೇನೋ. ನನಗೆ ಮರೆವು ಜಾಸ್ತಿ. ಮನೇಲಿ ಹುಡುಕ್ತೀನಿ ಅಕ್ಕ."

"ಶನಿವಾರದ ತನಕ ನೋಡ್ತೀನಿ," ಎಂದಳು ಲಾಂಡ್ರಿ ಅಕ್ಕ. "ಆಮೇಲೆ ಈ ಬೀದೀಲಿ ಯಾರ ಮನೆ ನಲ್ಲಿಗೂ ನೀನು ಕೈ ಹಾಕೋ ಹಾಗಿಲ್ಲ."

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಮಗಳು ಬರೆದುಕೊಂಡಳು.

ಗುರುವಾರ ತಿಂಡಿ ತಿನ್ನುವಾಗ ಮಗಳು ನೋಟ್‌ಬುಕ್ಕನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. "ನಾನು ಈ ಕೆಲಸ ಬಿಡ್ತೀನಪ್ಪ."

"ನಿನ್ನೆ ತಾನೆ ಹೊಸ ಪೆನ್ಸಿಲ್ ಕೊಡಿಸಿದೀನಿ ಕಣೇ!" ಅಮ್ಮ ಗದರಿದಳು.

"ಅವತ್ತು ನಾನೂ ಕದ್ದು ಮೂಸಿದೆ. ಪೈಪಣ್ಣನ ವಾಸನೆ ಮೋರಿ ಹತ್ರ ಇತ್ತು, ಅಷ್ಟೆ. ಕಪಾಟಿನ ಹತ್ರ ಇರ್ಲೇ ಇಲ್ಲ. ಅಲ್ಲಿ ಬೇರೆ ಯಾರದೋ ಇತ್ತು ಅನ್ನಿಸ್ತು. ಅಪ್ಪನಿಗೆ ಬಂದಿದ್ದು ನನಗೆ ಬರ್ಲಿಲ್ಲ ಅಂದ್ರೆ ನನ್ನ ಮೂಗು ಯಾತಕ್ಕೂ ಬಾರದ್ದು."

ಆಗಲಾದರೂ ಹೇಳಬಹುದಿತ್ತು. ಮೂಗಣ್ಣ ತಟ್ಟೆಯನ್ನೇ ನೋಡುತ್ತ, "ಕಲೀತಾ ಕಲೀತಾ ಬರುತ್ತೆ ಮಗಳೇ," ಎಂದ. ಹಾಗೆಂದ ತನ್ನ ದನಿ ತನಗೇ ಕೇಳಿ, ಬಾಲವನ್ನು ಕುರ್ಚಿಯ ಕೆಳಗೆ ಮುದುರಿಕೊಂಡ.

ಶುಕ್ರವಾರ ಮಧ್ಯಾಹ್ನ ಪೈಪಣ್ಣನ ಮನೆಗೆ ಹೋದ. ಅವನೊಬ್ಬನ ಹತ್ತಿರ ಗುಟ್ಟಾಗಿ ಹೇಳಿ, ಊರಿಗೆ ಗೊತ್ತಾಗದ ಹಾಗೆ ಹೇಗಾದರೂ ಸರಿಮಾಡಿಬಿಡೋಣ ಎಂಬುದು ಅವನ ಲೆಕ್ಕಾಚಾರ. ಹೆಗ್ಗಣದ ಬಾಗಿಲು ನಾಯಿ ತೂರುವಂಥದ್ದಲ್ಲ. ತಲೆ, ಒಂದು ಭುಜ ಒಳಗೆ ಹೋದವು, ಉಳಿದದ್ದು ಬೀದಿಯಲ್ಲೇ ಉಳಿಯಿತು. ಹಾಗೆ ಸಿಕ್ಕಿಕೊಂಡೇ ನೋಡಿದ. ಮನೆಯ ನೆಲವೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಗುಂಡಿಗಳು. ಹಾಸಿಗೆ, ಪಾತ್ರೆಗಳನ್ನು ಒಂದು ಮೂಲೆಗೆ ಒಟ್ಟಿ, ಪೈಪಣ್ಣನ ಹೆಂಡತಿ ಅದರ ಮೇಲೆ ಕೂತಿದ್ದಳು.

"ನೀವಾದ್ರೂ ಹೇಳಿ ಸಾರ್," ಎಂದಳು ಅವಳು. "ಮೂರು ದಿನದಿಂದ ಅಗೀತಾನೇ ಇದಾರೆ. ನಾವು ಮಲಗೋದೆಲ್ಲಿ?"

ಒಂದು ಗುಂಡಿಯಿಂದ ಪೈಪಣ್ಣನ ತಲೆ ಮೇಲೆ ಬಂತು. ಮೀಸೆಯ ತುಂಬ ಮಣ್ಣು. ಮೂಗಣ್ಣನನ್ನು ಕಂಡು ಮುಖ ಅರಳಿತು.

"ಸಾರ್! ದೇವರು ಬಂದ ಹಾಗೆ ಬಂದ್ರಿ. ಒಂಚೂರು ಮೂಸಿ ಹೇಳಿ ಸಾರ್, ನಾನದನ್ನ ಎಲ್ಲಿಟ್ಟಿದೀನಿ?"

ಮೂಗಣ್ಣನಿಗೆ ಆ ಕ್ಷಣ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಭೂಮಿ ಅಲ್ಲಿ ಆಗಲೇ ಬಾಯಿಬಿಟ್ಟಿತ್ತು, ಅವನಿಂದಲೇ. ಇಲ್ಲಿ ಗುಟ್ಟಾಗಿ ಹೇಳಿ ಮುಗಿಸುವಂಥದ್ದು ಏನೂ ಉಳಿದಿಲ್ಲ ಎಂದು ಅವನಿಗೆ ತಿಳಿಯಿತು. "ಅಗೆಯೋದು ನಿಲ್ಸು," ಎಂದಷ್ಟೇ ಹೇಳಲಾಯಿತು. "ನಾಳೆ ಲಾಂಡ್ರಿಗೆ ಬಾ."

ಶನಿವಾರ ಎಲ್ಲರ ಎದುರು, ಹೆಂಡತಿ ಮಗಳನ್ನೂ ನಿಲ್ಲಿಸಿಕೊಂಡು ಹೇಳಿದ. "ಒಂದು ನೆಗಡಿ ಬಂದು ಹೋದಾಗಿಂದ, ಮೂರು ವಾರದಿಂದ ನನಗೆ ವಾಸನೆ ಬರ್ತಿಲ್ಲ. ಅವತ್ತು ಸುಳ್ಳು ಹೇಳಿದೆ. ಪೈಪಣ್ಣ ಕದ್ದ ಅಂತ ನನಗೆ ಗೊತ್ತಾಗಿದ್ದೇ ಇಲ್ಲ."

ಯಾರೂ ನಂಬಲಿಲ್ಲ.

"ಅಯ್ಯೋ, ಅವನ ಸಂಸಾರ ನೋಡಿ ಕನಿಕರಕ್ಕೆ ಹೇಳ್ತಿದಾರೆ," ಎಂದರು ಬಾತು ಟೀಚರು. "ಎಷ್ಟು ದೊಡ್ಡ ಮನಸ್ಸು!"

"ನಿಮ್ಮ ಮೂಗನ್ನ ನಾವು ನಂಬಿದಷ್ಟು ನೀವೇ ನಂಬಲ್ವಲ್ಲ ಮೂಗಣ್ಣ," ಎಂದಳು ಲಾಂಡ್ರಿ ಅಕ್ಕ. ಪೈಪಣ್ಣನೂ ತಲೆಯಾಡಿಸಿದ. "ನನಗೋಸ್ಕರ ಹಾಗೆಲ್ಲ ಹೇಳ್ಬೇಡಿ ಸಾರ್."

ಹೊಗಳಿಕೆಯಿಂದ ಇಷ್ಟು ನೋವಾಗುತ್ತದೆಂದು ಮೂಗಣ್ಣನಿಗೆ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಟವೆಲ್ ಎತ್ತಿ ತಾನೇ ಕಣ್ಣಿಗೆ ಕಟ್ಟಿಕೊಂಡ. "ಏನು ಬೇಕಾದ್ರೂ ಹಿಡೀರಿ. ಹೇಳ್ತೀನಿ."

ಮೂಗಿನ ಕೆಳಗೆ ಏನೋ ಬಂತು. "ನೀರು," ಎಂದ. ಅದು ಬಟ್ಟೆ ಬಿಳಿಮಾಡುವ, ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರಿಸುವ ಔಷಧಿ. ಗೊಳ್ಳೆಂದರು. ಮತ್ತೊಂದು ಬಂತು. "ಸೋಪಾ?" ಕೊಳೆತ ಟೊಮೇಟೊ! ಟೀಚರಂತೂ ರೆಕ್ಕೆ ಬಡಿದುಕೊಂಡು ನಕ್ಕರು. ಕೊನೆಗೆ ಮೆತ್ತಗಿನ ಬಟ್ಟೆಯೊಂದು ಮುಖಕ್ಕೆ ತಾಕಿತು. ಮೂಗಣ್ಣ ಎದೆ ತುಂಬ ಉಸಿರು ಎಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ.

"ಯಾರೋ ಗಿರಾಕಿ ಬಟ್ಟೆ ಇರಬೇಕು," ಎಂದ.

ಈ ಸಲ ಯಾರೂ ನಗಲಿಲ್ಲ. ಟವೆಲ್ ಬಿಚ್ಚಿ ನೋಡಿದರೆ, ಎದುರಿಗೆ ಮಗಳು ನಿಂತಿದ್ದಳು, ಕುತ್ತಿಗೆಯಿಂದ ತೆಗೆದ ತನ್ನ ಮಫ್ಲರ್ ಹಿಡಿದುಕೊಂಡು. ಮೂಗಣ್ಣ ಮತ್ತೆ ಕಣ್ಣು ಕಟ್ಟಿಕೊಳ್ಳಬೇಕೆಂದುಕೊಂಡ.

"ಹಾಗಾದ್ರೆ ನನ್ನ ಮೂಗು ಸರಿಯಾಗೇ ಇತ್ತು," ಎಂದಳು ಮಗಳು, ನಿಧಾನವಾಗಿ. ತಕ್ಷಣ ಹೋಗಿ ಕಪಾಟಿನ ಬುಡಕ್ಕೆ ಬಗ್ಗಿದಳು. ಆದರೆ ಮಂಗಳವಾರದಿಂದ ಅಲ್ಲಿ ನೂರು ಕಾಲು ಓಡಾಡಿದ್ದವು, ದಿನಕ್ಕೆರಡು ಸಲ ನೆಲ ತೊಳೆದಾಗಿತ್ತು. ಎದ್ದು ನಿಂತು ಇಲ್ಲವೆಂದು ತಲೆಯಲ್ಲಾಡಿಸಿದಳು. ಅಪ್ಪನ ಕಡೆ ನೋಡಲಿಲ್ಲ. ಅಮ್ಮ ನೋಡಿದಳು, "ನನಗೂ ಹೇಳ್ಲಿಲ್ಲ," ಎಂದಳು, ಅಷ್ಟೆ.

ಲಾಂಡ್ರಿ ಅಕ್ಕ ಪೈಪಣ್ಣನಿಗೆ "ತಪ್ಪಾಯ್ತು" ಎಂದಳು. ಮೂಗಣ್ಣನ ಕೈಯಿಂದ ಟವೆಲ್ ತೆಗೆದುಕೊಂಡು ಮಡಿಸತೊಡಗಿದಳು.

ಭಾನುವಾರ ಮೂಗಣ್ಣ ಸಲಿಕೆ ಹಿಡಿದು ಪೈಪಣ್ಣನ ಮನೆಗೆ ಹೋದ. ಒಳಗೆ ಹಿಡಿಸದ ಕಾರಣ ಹೊರಗಿನಿಂದ ಬುಟ್ಟಿಗೆ ಮಣ್ಣು ತುಂಬಿಸಿ ಕೊಟ್ಟ. ಒಳಗೆ ಪೈಪಣ್ಣ ಗುಂಡಿ ಮುಚ್ಚಿದ. "ಪರವಾಗಿಲ್ಲ ಸಾರ್, ನೆಗಡಿ ಯಾರಿಗಾದ್ರೂ ಬರುತ್ತೆ," ಎಂದ. ಆದರೆ ಪ್ರತಿಯೊಂದು ಗುಂಡಿಗೂ ಮಣ್ಣು ಹಾಕುವ ಮೊದಲು ಒಮ್ಮೆ ಬಗ್ಗಿ, ತಳದವರೆಗೂ ಕೈಯಾಡಿಸಿ ನೋಡುತ್ತಿದ್ದ.

ಇಸ್ತ್ರಿ ಪೆಟ್ಟಿಗೆಯನ್ನು ಯಾರು ಒಯ್ದರೋ ಕೊನೆಗೂ ತಿಳಿಯಲಿಲ್ಲ. ಪೈಪಣ್ಣ ಹಾಗೆ ಕೈಯಾಡಿಸಿದ್ದು ಯಾಕೆ, ಅವನಿಗೆ ತನ್ನ ಮೇಲೆಯೇ ಇನ್ನೂ ಅನುಮಾನ ಉಳಿದಿತ್ತೇ ಎಂಬುದನ್ನು ಮೂಗಣ್ಣ ಕೇಳಬೇಕೆಂದುಕೊಂಡ, ಕೇಳಲಿಲ್ಲ. ಹಾಗಾಗಿ ಅದು ನನಗೂ ಗೊತ್ತಿಲ್ಲ.