ಟವೆಲ್ಲಿನ ಕೆಳಗಿನ ಬೆಲೆ

"ಕೈ ತೆಗಿಯೇ ಆ ಕಡೆ. ಸಗಣಿ ಬಾಚೋ ಕೈನ ನಾನು ಹಿಡ್ಕೋಬೇಕಾ?"

ದಲ್ಲಾಳಿ ಹಾಗೆ ಗದರಿದ್ದು ನಮ್ಮ ಅತ್ತೆಯನ್ನು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬೆಳಿಗ್ಗೆ ಮೂರು ಸಲ ಸೋಪು ಹಾಕಿ ತೊಳೆದ ಕೈ ಅದು, ನೀರು ಹೊಯ್ದವಳು ನಾನೇ.

ಈ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಕೈಮೇಲೆ ಟವೆಲ್ ಹೊದಿಸಿ ಮೊದಲು ಮಾರುವವನ ಬೆರಳು ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನಿಗೆ ತನ್ನ ಬೆರಳು ಕೊಡುತ್ತಾನೆ. ಒಂದು ಬೆರಳೆಂದರೆ ಹತ್ತು ಸಾವಿರ. ಇವನು ಎಷ್ಟು ಕೇಳಿದ, ಅವನು ಎಷ್ಟಕ್ಕೆ ಒಪ್ಪಿದ, ಅದು ದಲ್ಲಾಳಿಗೆ ಮಾತ್ರ ಗೊತ್ತು. ನಡುವೆ ಉಳಿದದ್ದು ಅವನ ಹೊಟ್ಟೆಗೆ. ನಮ್ಮಂಥವರಿಗೆ ಆ ಟವೆಲ್ಲಿನ ಮರ್ಯಾದೆಯೂ ಇಲ್ಲ, ಅವನ ಬಾಯಿಗೆ ಬಂದದ್ದೇ ಬೆಲೆ.

ಅತ್ತೆ ಇಪ್ಪತ್ತು ವರ್ಷದಿಂದ, ನಾನು ಎರಡು ವರ್ಷದಿಂದ ಇಲ್ಲಿ ಸಗಣಿ ಬಾಚುತ್ತೇವೆ. ಈಗ ನನಗೆ ಏಳು ತಿಂಗಳು. ಬುಟ್ಟಿ ಹೊತ್ತರೆ ಹೊಟ್ಟೆ ಕಲ್ಲಾಗುತ್ತದೆ. ಸಂತೆ ಮೂಲೆಯ ದರ್ಜಿ ತನ್ನ ಹೊಲಿಗೆ ಮಿಷನ್ನು, ಗೂಡಂಗಡಿ ಎರಡೂ ಬಿಟ್ಟುಕೊಡುತ್ತೇನೆ, ಸಂಜೆಯೊಳಗೆ ಮೂವತ್ತೈದು ಸಾವಿರ ತನ್ನಿ ಅಂದಿದ್ದ. ಅದಕ್ಕೇ ಎಮ್ಮೆ ಮಾರಲು ತಂದದ್ದು. ಕಾಲು ಮುರಿದ ಕರು ಅಂತ ಯಾರೋ ಇದೇ ಸಂತೆಯಲ್ಲಿ ಬಿಸಾಕಿ ಹೋಗಿದ್ದನ್ನು ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

"ಮೂವತ್ತು. ಕುಂಟೆಮ್ಮೆಗೆ ಅದೇ ಜಾಸ್ತಿ," ಅಂದ ದಲ್ಲಾಳಿ.

"ಎಲ್ಲಿ ಕುಂಟುತ್ತೆ ಅಣ್ಣಾ? ನಡೆಸಿ ತೋರಿಸ್ಲಾ?"

"ನನಗೇ ಪಾಠ ಹೇಳ್ತೀಯೇನೇ ಮುಂಡೆ? ಕೊಡೋದಾದ್ರೆ ಕೊಡು, ಇಲ್ಲಾಂದ್ರೆ ಹಗ್ಗ ಹಿಡ್ಕೊಂಡು ನಡಿ."

ಅತ್ತೆ ಎಮ್ಮೆಯ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ಅವನು ಎಮ್ಮೆ ಕೊಳ್ಳಲು ಬಂದಿದ್ದ ಹಾಲಿನ ಡೈರಿಯ ಸಾಹುಕಾರನ ಕಡೆ ತಿರುಗಿದ. ಮುಖ ಕೂಡಲೇ ಬೆಣ್ಣೆಯಾಯಿತು. "ಹೆಂಗಸು ಜಗ್ತಾ ಇಲ್ಲ ಸಾಹುಕಾರ್ರೇ, ಏನ್ ಮಾಡ್ಲಿ," ಅನ್ನುತ್ತಾ ಟವೆಲ್ ಹೊದಿಸಿದ. ಹೇಸಿಗೆ ಹುಟ್ಟಿತು ನನಗೆ.

ಅತ್ತೆ ಎರಡೇ ಹೆಜ್ಜೆಗೆ ಅವರ ನಡುವೆ ಹೋಗಿ ಟವೆಲ್ ಕಿತ್ತುಕೊಂಡಳು.

ಸಾಹುಕಾರನ ಮುಷ್ಟಿಯಲ್ಲಿ ದಲ್ಲಾಳಿಯ ನಾಲ್ಕು ಬೆರಳು. ಬಟ್ಟೆ ಬಿಚ್ಚಿದವರ ಹಾಗೆ ನಿಂತಿದ್ದರು ಇಬ್ಬರೂ.

"ಎಲ್ರೂ ನೋಡ್ಕೊಳ್ಳಿ," ಅಂದಳು ಅತ್ತೆ. "ಅಲ್ಲಿ ನಲವತ್ತು. ನನಗೆ ಮೂವತ್ತು."

"ಟವೆಲ್ ಎಳೆದೋರಿಗೆ ಈ ಸಂತೇಲಿ ಜಾಗ ಇಲ್ಲ ಕಣೇ. ನಾಳೆಯಿಂದ ನೀನೂ ಬರಬೇಡ, ನಿನ್ ಬಸುರಿ ಸೊಸೇನೂ ಬರಬೇಡ." ದಲ್ಲಾಳಿ ಹೊಡೆಯಲು ಕೈಯೆತ್ತಿದ.

"ತಡಿಯೋ, ಕಳ್ ನನ್ಮಗನೇ," ಅಂದ ಸಾಹುಕಾರ. "ನನಗೆ ಎಮ್ಮೆ ಬೇಕು. ನಲವತ್ತು ಅಂದಿದೀನಿ, ನಲವತ್ತು ಕೊಡ್ತೀನಿ."

ನೋಟಿನ ಕಟ್ಟು ತೆಗೆದು ಅತ್ತೆಯ ಕಾಲ ಬಳಿ ನೆಲದ ಮೇಲೆ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಎತ್ಕೋ."

ಹೊತ್ತು ಇಳಿಯುತ್ತಿತ್ತು. ದರ್ಜಿ ಬಾಗಿಲು ಹಾಕುವ ಸಮಯ. ನನಗೆ ನಾಚಿಕೆಯಿಲ್ಲ, ಹೇಳುತ್ತೇನೆ, ನಾನೇ ಎತ್ತಿಕೊಳ್ಳಲು ಬಗ್ಗಿದೆ. ಅತ್ತೆ ರಟ್ಟೆ ಹಿಡಿದು ನನ್ನನ್ನು ನೆಟ್ಟಗೆ ನಿಲ್ಲಿಸಿದಳು.

"ನೆಲದಿಂದ ಎತ್ತೋ ಕೆಲಸ ಇಪ್ಪತ್ತು ವರ್ಷ ಮಾಡಿದೀನಿ ಸಾಹುಕಾರ್ರೇ. ಕೈಗೆ ಕೊಡಿ. ಎಲ್ರ ಕೈ ಹಿಡಿಯೋ ಹಾಗೆ ನನ್ನ ಕೈ ಹಿಡೀರಿ, ಎಮ್ಮೆ ಹೊಡ್ಕೊಂಡು ಹೋಗಿ."

ಬಲಗೈ ಚಾಚಿದಳು. ಸಾಹುಕಾರ ಆ ಕೈಯನ್ನು ನೋಡಿದ, ದಲ್ಲಾಳಿಯನ್ನು ನೋಡಿದ, ಸುತ್ತ ನೆರೆದವರನ್ನು ನೋಡಿದ. ಪಕ್ಕದಲ್ಲಿ ಹೋರಿ ಮಾರಲು ಬಂದಿದ್ದ ಮುದುಕ ತನ್ನ ದಲ್ಲಾಳಿಯ ಟವೆಲ್ಲಿನಿಂದ ಕೈ ಹೊರಗೆ ತೆಗೆದುಕೊಂಡ.

ಅಷ್ಟರಲ್ಲಿ ಎಮ್ಮೆ ಸಗಣಿ ಹಾಕಿತು, ನೋಟಿನ ಕಟ್ಟಿನ ಮಗ್ಗುಲಲ್ಲೇ. ಇಡೀ ಸಂತೆ ಅಭ್ಯಾಸಬಲದಿಂದ ನಮ್ಮಿಬ್ಬರ ಕಡೆ ನೋಡಿತು.

ನಾವು ಬಗ್ಗಲಿಲ್ಲ. ಅತ್ತೆಯ ಕೈ ಚಾಚಿಯೇ ಇತ್ತು.