ಕಣ್ಣಳತೆ

ಆ ಹುಡುಗಿಗೆ ದೊಡ್ಡಮ್ಮ ಇಟ್ಟ ಹೆಸರು ಬುಗುರಿ. ಹೆಸರಿಗೆ ತಕ್ಕ ಹಾಗೇ ಇದ್ದಳು ಅನ್ನಿ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ಕಿಟಕಿಯಲ್ಲಿ ಇಣುಕಿ ಬರಬೇಕು. ತರಗತಿಯ ಬಾಗಿಲು ಹಾಕಿದರೆ ಸಾಕು, ನೀರು ಕುಡಿದು ಬರ್ತೀನಿ ಎಂದು ಕೈಯೆತ್ತುತ್ತಿದ್ದಳು. ಬೇಡ ಅಂದರೆ ಬೆಂಚಿನ ಕೆಳಗೆ ಬಲಗಾಲು ಕುಣಿಯಲು ಶುರು. ‘ಇವಳನ್ನ ಕಟ್ಟಿಹಾಕಬೇಕಷ್ಟೆ’ ಎಂದು ಟೀಚರು ಒಮ್ಮೆ ತಮಾಷೆಗೆ ಅಂದವರು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು. ಹುಡುಗಿಯ ತಾಯಿ ಜೈಲಿನಲ್ಲಿದ್ದಾಳೆಂದು ಅವರಿಗೆ ಗೊತ್ತಿತ್ತು. ಯಾರಿಗೆ ತಾನೇ ಗೊತ್ತಿರಲಿಲ್ಲ!

ಅಮ್ಮ ಮನೆಯಲ್ಲಿದ್ದಾಗ ಬುಗುರಿ ಹೀಗಿರಲಿಲ್ಲ. ಅಮ್ಮ ಟೈಲರ್. ಅವಳು ಹೊಲಿಯುತ್ತಿದ್ದರೆ ಮಗಳು ಮೆಷಿನ್ನಿನ ಕೆಳಗೆ ಬಟ್ಟೆಚೂರುಗಳ ರಾಶಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತಿದ್ದಳು, ಮೇಲೆ ಕೆಳಗೆ ಆಡುವ ಅಮ್ಮನ ಪಾದ ನೋಡುತ್ತ. ಅಮ್ಮ ಟೇಪು ಮುಟ್ಟುತ್ತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ‘ಆಯ್ತು, ಗುರುವಾರ ಬನ್ನಿ’ ಅನ್ನುತ್ತಿದ್ದಳು. ಗುರುವಾರ ಬಂದು ತೊಟ್ಟುಕೊಂಡವರಿಗೆ ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಆ ಕಣ್ಣಳತೆಯ ಮೇಲೆ ಅಮ್ಮನಿಗೆ ಅಷ್ಟಿಷ್ಟಲ್ಲ ಜಂಬ.

ಜಂಬದ ಜೊತೆಗೆ ಮೂಗಿನ ತುದಿಯಲ್ಲೇ ಕೋಪ. ತಾನು ಕೆಲಸಕ್ಕೆ ಹೋಗುತ್ತಿದ್ದ ಹೊಲಿಗೆ ಕಾರ್ಖಾನೆಯ ಮೇಸ್ತ್ರಿಯ ಜೊತೆ ಮಾತಿಗೆ ಮಾತು ಬೆಳೆದ ದಿನ ಅವಳ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯಿತ್ತು. ಎಸೆದೇಬಿಟ್ಟಳು. ಮೇಸ್ತ್ರಿಯ ಒಂದು ಕಣ್ಣು ಹೋಯಿತು. ತಪ್ಪಲ್ಲ ಎಂದು ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಶಿಕ್ಷೆ ಬರೆಯುವಾಗ ಒಬ್ಬಳ ಹೆಸರು ಬರೆದು, ಅನುಭವಿಸಲು ಮನೆಮಂದಿಯನ್ನೆಲ್ಲ ಬಿಡುತ್ತಾರಲ್ಲ, ಅದು ಯಾವ ಸೀಮೆಯ ನ್ಯಾಯವೋ ದೇವರೇ ಬಲ್ಲ. ಅಪ್ಪ ಅನ್ನಿಸಿಕೊಂಡವನು ಆ ವರ್ಷವೇ ಕೆಲಸ ಹುಡುಕಲು ಹೋದವನು ಇನ್ನೂ ಹುಡುಕುತ್ತಲೇ ಇದ್ದಾನೆ. ಹುಡುಗಿ ಅಮ್ಮನ ಅಕ್ಕನ ಮನೆ ಸೇರಿದಳು.

ದೊಡ್ಡಮ್ಮ ಅವಳನ್ನು ತಪ್ಪದೆ ಭೇಟಿಗೆ ಕರೆದೊಯ್ಯುತ್ತಿದ್ದಳು. ಭೇಟಿಯ ಕೋಣೆಯಲ್ಲಿ ಉದ್ದಕ್ಕೊಂದು ಕಟ್ಟೆ, ಕಟ್ಟೆಯ ಮೇಲೆ ದಪ್ಪ ಗಾಜು, ಮಾತಿಗೆ ಫೋನು. ಬಂದವರನ್ನು ಮೊದಲು ಕೂರಿಸುತ್ತಿದ್ದರು. ಆಮೇಲೆ ಆಚೆ ಬಾಗಿಲಿನಿಂದ ಒಳಗಿನವರು ಬರುತ್ತಿದ್ದರು. ನಡುವೆ ಎದ್ದರೆ ಭೇಟಿ ಮುಗಿಯಿತೆಂದೇ ಅರ್ಥ. ಹೊತ್ತಾದಾಗ ಮೊದಲು ಒಳಗಿನವರನ್ನು ಕರೆದೊಯ್ದು, ಆಮೇಲಷ್ಟೇ ಇವರನ್ನು ಬಿಡುತ್ತಿದ್ದರು. ಅಲ್ಲಿ ಮಾತ್ರ ಬುಗುರಿ ಕೂತೇ ಇರುತ್ತಿದ್ದಳು. ಕಾಲೇನೋ ಕಟ್ಟೆಯ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು.

ಹೀಗಿರುವಾಗ ಒಂದು ದಿನ ಪೊಟ್ಟಣವೊಂದು ಬಂತು. ಒಳಗೆ ಹಸಿರು ಫ್ರಾಕು, ಬಿಳಿ ಕಾಲರು. ಜೈಲಿನ ಹೊಲಿಗೆ ಕೋಣೆಯಲ್ಲಿ ಉಳಿದ ಬಟ್ಟೆಯನ್ನು ಕೇಳಿ ಪಡೆದು ಅಮ್ಮ ಹೊಲಿದದ್ದು. ಬುಗುರಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಭುಜ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕತ್ತು, ತೋಳು, ಎದೆ, ಎಲ್ಲ ಹೇಳಿ ಮಾಡಿಸಿದ ಹಾಗೆ. ಕೆಳಗೆ ನೋಡಿದರೆ ಅಂಚು ಮಂಡಿಗಿಂತ ಎಷ್ಟೋ ಮೇಲಿತ್ತು.

ದೊಡ್ಡಮ್ಮ ಬಾಗಿಲಲ್ಲಿ ನಿಂತು ನಕ್ಕಳು. “ಇದೇನೇ ಇದು, ಫ್ರಾಕೋ ಷರಟೋ? ಮಹಾ ಕಣ್ಣಳತೆ ಇವಳದ್ದು!”

ಬುಗುರಿ ನಗಲಿಲ್ಲ. ಅವಳಿಗೆ ವಿಷಯ ಹೊಳೆದುಬಿಟ್ಟಿತ್ತು. ಅಮ್ಮನಿಗೆ ಕಾಣುತ್ತಿದ್ದದ್ದು ಕಟ್ಟೆಯ ಮೇಲಿನ ಮಗಳು ಮಾತ್ರ. ಕಟ್ಟೆಯ ಕೆಳಗಿನ ಮಗಳು ಅಮ್ಮನ ಪಾಲಿಗೆ ಇನ್ನೂ ಮೆಷಿನ್ನಿನ ಕೆಳಗೆ ಹಿಡಿಸುವ ಪುಟ್ಟ ಹುಡುಗಿ.

“ಕೊಡು, ಕೆಳಗೊಂದು ಪಟ್ಟಿ ಕೊಟ್ಟು ಉದ್ದ ಮಾಡ್ತೀನಿ” ಎಂದಳು ದೊಡ್ಡಮ್ಮ.

“ಬೇಡ! ಬೇರೆಯವರ ಹೊಲಿಗೆ ಅಂತ ಅಮ್ಮಂಗೆ ನೋಡಿದ ತಕ್ಷಣ ಗೊತ್ತಾಗತ್ತೆ.”

ಮುಂದಿನ ಭೇಟಿಯಲ್ಲಿ ಅಮ್ಮ ಫೋನೆತ್ತಿದವಳೇ ಕೇಳಿದ್ದು ಅದನ್ನೇ. “ಸರಿಯಾಯ್ತಾ?”

“ಅಳತೆ ತಗೊಂಡು ಹೊಲಿದ ಹಾಗಿದೆಯಮ್ಮ.”

ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. “ನಾನು ಹೇಳ್ಲಿಲ್ವಾ! ಇಲ್ಲಿ ಎಲ್ರೂ ನಗ್ತಿದ್ರು, ಮಗುನ ಮುಟ್ಟದೆ ಹೇಗೆ ಹೊಲೀತೀಯ ಅಂತ. ಏನು ಹೋದ್ರೂ ನನ್ನ ಕಣ್ಣು ಹೋಗಿಲ್ಲ ಕಣೇ.” ಆಮೇಲೆ ಗಾಜಿಗೆ ಇನ್ನಷ್ಟು ಹತ್ತಿರ ಬಂದಳು. “ಮುಂದಿನ ಸಲ ಈ ಗಾಜಿರಲ್ಲ. ಮಕ್ಕಳಿರೋರಿಗೆ ಮೇಜಿನ ಹತ್ರ ಕೂರೋಕೆ ಬಿಡ್ತಾರಂತೆ. ಅದನ್ನೇ ಹಾಕ್ಕೊಂಡು ಬಾ.”

ಗಾಜಿಲ್ಲ ಎಂದರೆ ಅಮ್ಮನನ್ನು ಮುಟ್ಟಬಹುದು. ಇಷ್ಟು ವರ್ಷ ಬುಗುರಿ ಬೇಡಿಕೊಂಡದ್ದೇ ಅದು. ಈಗ ಕೈಗೆ ಬಂದಾಗ ಎದೆ ಧಸಕ್ಕೆಂದಿತು. ಎದ್ದು ನಿಂತರೆ ಅಮ್ಮ ನೋಡುತ್ತಾಳೆ. ನೋಡಿದರೆ, ಹೋಗದೆ ಉಳಿದಿದ್ದ ಆ ಒಂದೂ ಹೋಗುತ್ತದೆ. ಆ ದಿನದವರೆಗೂ ಹುಡುಗಿಗೆ ಊಟ ಸೇರಲಿಲ್ಲ, ಪಾಠ ತಲೆಗೆ ಹತ್ತಲಿಲ್ಲ. ಮಾತಾಡಿಸಿದವರ ಮೇಲೆಲ್ಲ ಸಿಡುಕುತ್ತಿದ್ದಳು. ಕೊನೆಗೆ ಒಂದು ಉಪಾಯ ಹೂಡಿದಳು. ಒಳಗಿನವರು ಬರುವ ಮೊದಲೇ ತಾನು ಕೂತಿರುತ್ತಾಳೆ. ಅಮ್ಮ ಎದ್ದು ಹೋಗುವವರೆಗೂ ಕೂತೇ ಇರುತ್ತಾಳೆ, ಅಷ್ಟೇ.

ಉಪಾಯ ಕೇಳಿ ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟಳು. “ನೀನು? ಕೂತಲ್ಲೇ ಕೂತಿರ್ತೀಯಾ?”

ಆ ದಿನ ಬುಗುರಿ ಫ್ರಾಕಿನ ಕೆಳಗೆ ಪ್ಯಾಂಟು ತೊಟ್ಟು ಹೊರಟಳು. ದೊಡ್ಡ ಕೋಣೆ, ಅಲ್ಲಲ್ಲಿ ಮೇಜು, ಗೋಡೆಗೆ ಹೊಸ ಬಣ್ಣದ ವಾಸನೆ. ಗೋಡೆ ಪಕ್ಕದ ಮೇಜು ಹಿಡಿದು, ಕುರ್ಚಿಯನ್ನು ಹೊಟ್ಟೆ ತಾಗುವಷ್ಟು ಒಳಗೆ ಎಳೆದುಕೊಂಡಳು. ಬಾಗಿಲು ತೆರೆಯಿತು. ಬೇರೆ ಮೇಜುಗಳ ಮಕ್ಕಳು ಕೂಗುತ್ತ ಓಡಿದರು. ಅಮ್ಮ ಎರಡೂ ಕೈ ಚಾಚಿಕೊಂಡು ಬಂದಳು.

ಬುಗುರಿ ಏಳಲಿಲ್ಲ.

ಚಾಚಿದ ಕೈಗಳು ಅರ್ಧದಲ್ಲೇ ನಿಂತವು. ಅಮ್ಮ ಮೇಜಿನ ಮೇಲಿಂದಲೇ ಬಗ್ಗಿ ಅವಳ ಕೆನ್ನೆ ಸವರಿ, ಎದುರಿಗೆ ಕೂತಳು. ಅವಳ ಬೆರಳು ತನ್ನಷ್ಟಕ್ಕೇ ಮಗಳ ಭುಜದ ಹೊಲಿಗೆಯನ್ನು ಹುಡುಕಿ ಹೋಯಿತು. “ಚೆನ್ನಾಗಿ ಕೂತಿದೆ” ಎಂದಳು. ಶಾಲೆಯ ಮಾತು ಬಂತು, ದೊಡ್ಡಮ್ಮನ ಮನೆಯ ಬೆಕ್ಕಿನ ಮಾತು ಬಂತು. ಮೇಜಿನ ಕೆಳಗೆ ಬುಗುರಿಯ ಬಲಗಾಲು ಕುಣಿಯುತ್ತಿತ್ತು. ಬಗ್ಗಿ ನೋಡಿದರೆ ಅಮ್ಮನ ಬಲಗಾಲೂ ಮೆಷಿನ್ ತುಳಿದಂತೆ ಆಡುತ್ತಿತ್ತು.

ಪಕ್ಕದ ಮೇಜಿನಲ್ಲಿ ಯಾರದೋ ಮಗು ತಾಯಿಯ ಮಡಿಲೇರಿತ್ತು. ಅಮ್ಮ ಅದನ್ನು ನೋಡಿದಳು, ಮಗಳನ್ನು ನೋಡಿದಳು.

“ಬಾರೇ ಈಚೆಗೆ.”

“ಇಲ್ಲೇ ಇರ್ತೀನಮ್ಮ.”

“ಒಂದ್ಸಲ.”

ಬುಗುರಿ ಇಲ್ಲವೆಂದು ತಲೆಯಾಡಿಸಿದಳು. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದಿದ್ದಳು. ಮೈಯ ಒಂದೊಂದು ನರವೂ ಏಳು ಏಳು ಅನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದಾಗ ಹುಡುಗಿ ಕಣ್ಣಲ್ಲೇ ಗದರಿಸಿದಳು.

“ಸಮಯ ಆಯ್ತು” ಎಂದು ಕಾವಲಿನ ಮೇಡಂ ಬಾಗಿಲ ಬಳಿಯಿಂದ ಕೂಗಿದರು.

ಗೆದ್ದೆ ಅಂದುಕೊಂಡಳು ಬುಗುರಿ. ಅಷ್ಟರಲ್ಲಿ ಅಮ್ಮ ಎದ್ದಳು. ಅವಳ ಮುಖ ಸಣ್ಣಗಾಗಿತ್ತು.

“ಕೂತ್ಕೋ, ಪರವಾಗಿಲ್ಲ” ಎಂದಳು ಮೆಲ್ಲಗೆ. “ನನ್ನನ್ನ ಮುಟ್ಟೋಕೆ ನಿಂಗೆ ಹೇಸಿಗೆಯಾದ್ರೆ ನಾನು ಬೇಜಾರ್ ಮಾಡ್ಕೊಳಲ್ಲ. ಈ ಕೈ ಮಾಡಿದ ಕೆಲಸ ನಂಗೂ ಗೊತ್ತಿದೆ.”

ಕುರ್ಚಿ ಹಿಂದಕ್ಕೆ ಬಿತ್ತು. ಆ ಸದ್ದಿಗೆ ಕೋಣೆಯೆಲ್ಲ ತಿರುಗಿ ನೋಡಿತು. ಬುಗುರಿ ಎದ್ದು ನಿಂತಿದ್ದಳು.

“ಅದಲ್ಲಮ್ಮ! ಫ್ರಾಕು... ಫ್ರಾಕು ಗಿಡ್ಡ ಆಗಿದೆ. ನೀನು ನೋಡ್ಬಾರ್ದು ಅಂತ ಕೂತಿದ್ದೆ.”

ಅಮ್ಮ ಮೇಜು ಸುತ್ತಿ ಬಂದು ತಲೆಯಿಂದ ಕಾಲಿನವರೆಗೆ ನೋಡಿದಳು, ಹಿಂದೆ ಬಾಗಿಲಲ್ಲಿ ನಿಂತ ಗಿರಾಕಿಗಳನ್ನು ನೋಡುತ್ತಿದ್ದ ಹಾಗೆ. ಆದರೆ ಆ ನೋಟ ಸೊಂಟ ದಾಟಿ ಕೆಳಗಿಳಿಯಲು ತುಂಬ ಹೊತ್ತು ಹಿಡಿಯಿತು. ಮಗಳನ್ನು ಒಮ್ಮೆ ಬಿಗಿದಪ್ಪಿಕೊಂಡು ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತಳು.

“ಕಾಲು ನೋಡೇ ನಿಂದು!” ಅಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. “ಇಷ್ಟು ಉದ್ದ ಯಾವಾಗ ಆದೆ? ನಂಗೊಂದು ಮಾತು ಹೇಳ್ಬಾರ್ದಾ?”

“ಬೇಗ ಆಗ್ಲಿ” ಎಂದರು ಮೇಡಂ. ಆದರೆ ಬಾಗಿಲ ಹತ್ತಿರವೇ ನಿಂತರು.

ಅಮ್ಮ ಫ್ರಾಕಿನ ಅಂಚಿಗೆ ಹೆಬ್ಬೆರಳಿಟ್ಟು, ಕಿರುಬೆರಳನ್ನು ಮಂಡಿಯ ಕೆಳಗಿನವರೆಗೂ ಚಾಚಿದಳು. ಗೇಣು ತುಂಬಿಬಂತು. “ಅಲುಗಾಡ್ಬೇಡ” ಎಂದಳು. ಬುಗುರಿ ಅಲುಗಾಡಲಿಲ್ಲ. ಆ ಬಲಗಾಲು, ಮನೆಯಲ್ಲಿ ಶಾಲೆಯಲ್ಲಿ ಯಾರ ಮಾತನ್ನೂ ಕೇಳದ ಕಾಲು, ಅಮ್ಮನ ಬೆರಳ ಕೆಳಗೆ ಕಂಬದ ಹಾಗೆ ನಿಂತಿತ್ತು.

ಮೇಡಂ ಮತ್ತೆ ಕರೆದಾಗ ಅಮ್ಮ ಎದ್ದು ಸಾಲು ಸೇರಿದಳು. ಬಾಗಿಲ ಬಳಿ ತಿರುಗಿ ಎಡಗೈ ಬೀಸಿದಳು. ಬಲಗೈಯನ್ನು ಎದೆಗೆ ಹತ್ತಿರ ಹಿಡಿದುಕೊಂಡಿದ್ದಳು, ಚಾಚಿದ ಹೆಬ್ಬೆರಳು ಕಿರುಬೆರಳನ್ನು ಮಡಿಸದೆ, ಯಾರಿಗೂ ತಾಗದ ಹಾಗೆ ಜೋಪಾನವಾಗಿ. ಹಾಗೇ ಹಿಡಿದುಕೊಂಡು ಒಳಗೆ ಹೋದಳು.